ಕೋಡ್‌ನಲ್ಲಿ ಚಿತ್ರವೋ, ಸಂಗೀತವೋ? ಪಿ5 ಜೆಎಸ್ ಮತ್ತು ಸೋನಿಕ್ ಪೈ

ಪಿ5 ಜೆಎಸ್ ಕೋಡ್ ಬರೆದು ಚಿತ್ರ ಬಿಡಿಸುವ ಸಾಧನ, ಸೋನಿಕ್ ಪೈ ಕೋಡ್ ಬರೆದು ಸಂಗೀತ ನುಡಿಸುವ ಸಾಧನ. ಎರಡೂ ಉಚಿತ. ಪಿ5 ಬ್ರೌಸರ್‌ನಲ್ಲೇ ಓಡುತ್ತದೆ, ಸೋನಿಕ್ ಪೈ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಆದರೆ ಆರಿಸುವಾಗ ನೋಡಬೇಕಾದ್ದು ಇದಲ್ಲ. ನಿಮ್ಮ ಕಣ್ಣು ಚುರುಕೋ, ಕಿವಿ ಚುರುಕೋ?

ಪಿ5ನಲ್ಲಿ ಹತ್ತಿರ ಹತ್ತಿರ ಗೆರೆ ಎಳೆಯಿರಿ, ಅದೇ ಗೆರೆಗಳನ್ನು 3 ಡಿಗ್ರಿ ತಿರುಗಿಸಿ ಮೇಲಿಡಿ. ನೀವು ಬರೆಯದೇ ಇರುವ ದಪ್ಪ ಪಟ್ಟೆಗಳು ಕಾಣಿಸುತ್ತವೆ. ಸೊಳ್ಳೆ ಪರದೆ ಮಡಚುವಾಗ ನೋಡಿರ್ತೀರಲ್ವಾ, ಅದೇ! ಸೋನಿಕ್ ಪೈನಲ್ಲಿ 440 ಮತ್ತು 442 ಹರ್ಟ್ಜ್ ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ದನಿ ಸೆಕೆಂಡಿಗೆ 2 ಸಲ ಏರಿ ಇಳಿಯುತ್ತದೆ. ತಂಬೂರಿ ಶ್ರುತಿ ಮಾಡುವವರು ಕಿವಿಗೊಡುವುದು ಇಂಥ ಅಲೆಗೇ, ಅದು ನಿಧಾನವಾಗಿ ಅಡಗುವವರೆಗೂ ಬಿರಡೆ ತಿರುಗಿಸುತ್ತಾರೆ, ಮಣಿ ಸರಿಸುತ್ತಾರೆ.

ಪರದೆ ಮೇಲೆ 2000 ಚುಕ್ಕಿ ಚೆಲ್ಲಿದರೂ ಕಣ್ಣು ಓಡಾಡಿ ಗುಂಪು ಹುಡುಕಿಕೊಳ್ಳುತ್ತದೆ. ಕಿವಿಗೆ ಹಿಂದಕ್ಕೆ ಹೋಗಲು ಆಗಲ್ಲ. ಹಾಗಾಗಿ ಸಂಗೀತದಲ್ಲಿ ಪದರ ಜಾಸ್ತಿಯಾದರೆ ಬೇಗ ಗದ್ದಲವಾಗುತ್ತದೆ, ಮತ್ತೆ ಮತ್ತೆ ಬರುವ ಒಂದು ತುಣುಕು ಇರಲೇಬೇಕು.

ಇನ್ನೊಂದು ವ್ಯತ್ಯಾಸ ನನಗೆ ತುಂಬಾ ಇಷ್ಟ. ಪಿ5ನ ರ್‍ಯಾಂಡಮ್ (ಲಾಟರಿ ಎತ್ತಿದ ಹಾಗೆ ಯಾವುದೋ ಸಂಖ್ಯೆ ಕೊಡುವ ಆಜ್ಞೆ) ಸುಮ್ನೆ ಬಿಟ್ಟರೆ ಪ್ರತಿ ಸಲ ಹೊಸ ಚಿತ್ರ. ಸೋನಿಕ್ ಪೈನಲ್ಲಿ ಸೀಡ್ (ಇಂಥ ಸಂಖ್ಯೆಗಳ ಸಾಲನ್ನು ಶುರು ಮಾಡುವ ಅಂಕಿ) ಬದಲಿಸುವವರೆಗೂ ಪ್ರತಿ ಸಲ ಅದೇ ಸಾಲು ಬರುತ್ತದೆ, ಹಾಗಾಗಿ ಚೆನ್ನಾಗಿ ಬಂದ ರಾಗ ಕಳೆದುಹೋಗಲ್ಲ.

ಕೋಡ್ ಪೂರ್ತಿ ಹೊಸದಾದರೆ ಸೋನಿಕ್ ಪೈ ಹಿಡಿಯಿರಿ. ನುಡಿಯುತ್ತಿರುವಾಗಲೇ ಒಂದು ಸಂಖ್ಯೆ ಬದಲಿಸಿ ರನ್ ಒತ್ತಿದರೆ ಮುಂದಿನ ಸುತ್ತಿನಲ್ಲೇ ಕೇಳಿಸುತ್ತದೆ. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸ ಇರುವವರಿಗೆ ಮಾತ್ರ ಪಿ5ನೇ ಸರಿ, ಸಾಲು ಸಾಲಾಗಿ ಚುಕ್ಕಿ ಇಡುವ ಲೆಕ್ಕ ಆಗಲೇ ಕೈಯಲ್ಲಿದೆ.