ಗೌರಿ ಹಬ್ಬಕ್ಕೇ ವಿಸರ್ಜನೆಯಾದ ಆಟ: ಕಾಂಕಾರ್ಡ್, ನನ್ನ ಅಂಗಡಿಯಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಈ ರಿವ್ಯೂ ಓದಿ ನೀವು ಈ ಆಟ ಕೊಳ್ಳಲು ಆಗುವುದಿಲ್ಲ. ಅದು ಈಗ ಎಲ್ಲೂ ಇಲ್ಲ. ಕಾಂಕಾರ್ಡ್ ಅಂದರೆ ಸೋನಿಯವರ ವಿಡಿಯೋ ಗೇಮ್, ಆನ್‌ಲೈನ್‌ನಲ್ಲಿ ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟ. 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಸರ್ವರ್ ನಿಲ್ಲಿಸಿದರು. ಲೆಕ್ಕಕ್ಕೆ 14 ದಿನ. ಆವತ್ತು ಗೌರಿ ಹಬ್ಬ. ನಮ್ಮ ಬೀದಿಯಲ್ಲಿ ಗಣೇಶನನ್ನು ಕೂರಿಸುವ ಮೊದಲೇ ಇದರ ವಿಸರ್ಜನೆ.

ಈಗ್ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಒಬ್ಬ ಹುಡುಗ ಬಂದು "ಅಣ್ಣಾ, ಕಾಂಕಾರ್ಡ್ ಇದೆಯಾ?" ಎಂದು ಕೇಳಿದ. ಅಮೆಜಾನ್ ಪ್ರೈಮ್‌ನಲ್ಲಿ ವಿಡಿಯೋ ಗೇಮ್‌ಗಳ ಮೇಲೆ ಒಂದು ಆನಿಮೇಷನ್ ಸರಣಿ ಇದೆ. ಅದರಲ್ಲಿ ಈ ಆಟದ ಕತೆಗೂ ಒಂದು ಕಂತು ಇದೆ. ಅವನು ಅದನ್ನು ನೋಡಿಕೊಂಡು ಬಂದಿದ್ದ. ಆ ಕಂತು ಬಂದದ್ದೇ 2024ರ ಡಿಸೆಂಬರ್‌ನಲ್ಲಿ, ಆಟ ನಿಂತು ಮೂರು ತಿಂಗಳಾದ ಮೇಲೆ. ಛತ್ರ ಖಾಲಿ ಮಾಡಿ ಪಾತ್ರೆ ತೊಳೆದಿಟ್ಟ ಮೇಲೆ ಲಗ್ನಪತ್ರಿಕೆ ಕೈಗೆ ಸಿಕ್ಕ ಹಾಗೆ. ಅವನಿಗೆ ಇಲ್ಲ ಎಂದೆ. ಆಮೇಲೆ ಇಡೀ ದಿನ ಅದೇ ತಲೆಯಲ್ಲಿ ಉಳಿಯಿತು.

ನನ್ನದು ತುಮಕೂರಿನ ಎಸ್.ಎಸ್. ಪುರಂ ಕಡೆ ಒಂದು ಚಿಕ್ಕ ಗೇಮಿಂಗ್ ಸೆಂಟರ್. ಮೂರು ಪಿಎಸ್5 (ಸೋನಿಯ ಪ್ಲೇಸ್ಟೇಷನ್ ಯಂತ್ರ), ಒಂದು ಹಳೆ ಪಿಎಸ್4, ಮೂಲೆಯಲ್ಲಿ ನಾಲ್ಕು ಕಂಪ್ಯೂಟರ್. ಪಿಎಸ್‌ಗೆ ಗಂಟೆಗೆ 80 ರೂಪಾಯಿ, ಜೋಡಿ ಆಡಿದರೆ 120. ಬರುವವರು ಹೆಚ್ಚಾಗಿ ಇಂಜಿನಿಯರಿಂಗ್ ಹುಡುಗರು. ಆಡುವುದು ಫುಟ್‌ಬಾಲ್, ಟೆಕ್ಕನ್, ಜಿಟಿಎ. ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ ಸೇರಿ ಆನ್‌ಲೈನ್‌ನಲ್ಲಿ ಗುಂಡು ಹಾರಿಸುವ ಆಟಕ್ಕೆ ನನ್ನ ಅಂಗಡಿ ಲಾಯಕ್ಕಲ್ಲ. ಅದು ಗೊತ್ತಿದ್ದೂ ಕೊಂಡೆ. ಅಕ್ಕನ ಮಗನ ಮಾತು ಕೇಳಿ. "ಮಾಮ, ಇದನ್ನ ಮಾಡ್ತಿರೋರಲ್ಲಿ ಡೆಸ್ಟಿನಿ ಅನ್ನೋ ಶೂಟಿಂಗ್ ಗೇಮ್ ಮಾಡಿದೋರೂ ಇದಾರೆ, ಗನ್ ಫೀಲ್ ನೋಡ್ಬೇಕು ನೀನು" ಎಂದ. ಅವನಿಗೆ ಗೇಮ್ ಡಿಸೈನ್ ಓದುವ ಹುಚ್ಚು. ಅವನ ಅಪ್ಪನಿಗೆ ಅವನು ಎಂ.ಟೆಕ್ ಮಾಡಲಿ ಎಂಬ ಹುಚ್ಚು. ನಾನು ನಡುವೆ.

ಗನ್ ಫೀಲ್ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಪ್ರತಿ ಬಂದೂಕಿನ ತೂಕ ಬೇರೆ ಬೇರೆ ಅನ್ನಿಸುತ್ತಿತ್ತು. ಮೊದಲ ದಿನಕ್ಕೇ 16 ಪಾತ್ರಗಳು, 12 ಮ್ಯಾಪ್ (ಆಡುವ ಅಖಾಡ), ಆರು ಬಗೆಯ ಆಟ. ನನಗೆ ಇಷ್ಟವಾದದ್ದು ಒನ್-ಆಫ್ ಎಂಬ ರೋಬೋ. ಕಸ ಎತ್ತುವ ಯಂತ್ರ ಅದು. ಎದುರಿನವರು ಎಸೆದದ್ದನ್ನು ಹೀರಿಕೊಳ್ಳುತ್ತದೆ. ಬೆಳಿಗ್ಗೆ ನಮ್ಮ ಬೀದಿಗೆ ಬರುವ ಕಸದ ಗಾಡಿಯ ಹಾಡು ಅದರ ಬಾಯಲ್ಲಿ ಹಾಕಿದ್ದರೆ ಆಟ ಓಡುತ್ತಿತ್ತೋ ಏನೋ! ಇನ್ನೊಂದು ಜಾಣತನ ಇತ್ತು. ಸತ್ತು ಮತ್ತೆ ಹುಟ್ಟುವಾಗ ಬೇರೆ ಪಾತ್ರ ತೆಗೆದುಕೊಂಡರೆ, ಹಳೆಯ ಪಾತ್ರದಿಂದ ಸಿಕ್ಕ ಶಕ್ತಿ ಹೊಸದಕ್ಕೂ ಅಂಟಿಕೊಳ್ಳುತ್ತಿತ್ತು. ರಮ್ಮಿಯಲ್ಲಿ ಎಲೆ ಜೋಡಿಸುವ ಹಾಗೆ ಯೋಚನೆ ಮಾಡಿ ಆಡಬೇಕು.

ಆದರೆ ಇದೆಲ್ಲ ಹಿಡಿಸಲು ಒಂದು ವಾರ ಬೇಕು. ನನ್ನ ಗಿರಾಕಿ ನನಗೆ ಕೊಡುವುದು ಐದು ನಿಮಿಷ. "ಇದ್ಯಾರಣ್ಣ ಇವ್ರು, ಎಲ್ರೂ ಫ್ಯಾನ್ಸಿ ಡ್ರೆಸ್ ಕಾಂಪಿಟೇಶನ್‌ಗೆ ಬಂದಂಗಿದಾರೆ" ಎಂದ ಒಬ್ಬ. ಇನ್ನೊಬ್ಬ ಎರಡು ಮ್ಯಾಚ್ ಆಡಿ, "ಚೆನ್ನಾಗಿದೆ, ಫುಟ್‌ಬಾಲ್ ಹಾಕಿ" ಎಂದ. ಆ 'ಚೆನ್ನಾಗಿದೆ' ಇದೆಯಲ್ಲ, ಹೆಣ್ಣು ನೋಡಿ ಬಂದು ಹೇಳುವ 'ಚೆನ್ನಾಗಿದೆ'. ಆಮೇಲೆ ಫೋನ್ ಬರುವುದಿಲ್ಲ.

ಪಾತ್ರಗಳ ಕತೆಯನ್ನು ವಾರಕ್ಕೊಂದು ಚಿಕ್ಕ ಸಿನಿಮಾ ತುಣುಕಿನಲ್ಲಿ ಹೇಳುತ್ತೇವೆ ಎಂದಿದ್ದರು. ಎರಡು ವಾರದಲ್ಲಿ ಎಷ್ಟು ಹೇಳಿಯಾರು?

ಜನ ಯಾಕೆ ಬರಲಿಲ್ಲ ಎಂದರೆ ಎಲ್ಲರೂ ಮೊದಲು ತೋರಿಸುವುದು ರೇಟನ್ನು. 40 ಡಾಲರ್. ಇದೇ ಥರ ಗುಂಡು ಹಾರಿಸುವ ಆಟಗಳಲ್ಲಿ ವಾಲರಂಟ್ ಪುಕ್ಕಟೆ, ಅಪೆಕ್ಸ್ ಪುಕ್ಕಟೆ, 2022ರಿಂದ ಓವರ್‌ವಾಚ್ ಕೂಡ ಪುಕ್ಕಟೆ. ಪಿಎಸ್5ನಲ್ಲಿ ಇಂಥ ಪುಕ್ಕಟೆ ಆಟಗಳಿಗೆ ಪಿಎಸ್ ಪ್ಲಸ್ ಚಂದಾ (ಆನ್‌ಲೈನ್ ಆಡಲು ಸೋನಿಗೆ ಕಟ್ಟುವ ದುಡ್ಡು) ಕೂಡ ಬೇಡ. ಇದಕ್ಕೆ ದುಡ್ಡೂ ಕೊಡಬೇಕು, ಚಂದಾನೂ ಬೇಕು. ಸಿದ್ದಗಂಗಾ ಮಠದಲ್ಲಿ ದಾಸೋಹ ನಡೆಯುವಾಗ ಪಕ್ಕದಲ್ಲೇ ಊಟದ ಹೋಟೆಲ್ ತೆಗೆದ ಹಾಗೆ ಎಂದು ನಾನೂ ಮೊದಲು ನಕ್ಕಿದ್ದೆ. (ಹೋಲಿಕೆ ಸರಿಯಿಲ್ಲ, ಗೊತ್ತು. ಪುಕ್ಕಟೆ ಆಟದವರು ಆಮೇಲೆ ಪಾತ್ರಗಳಿಗೆ ಬಣ್ಣದ ವೇಷ ಮಾರಿ ಕಾಸು ಮಾಡುತ್ತಾರೆ. ಮಠದಲ್ಲಿ ಊಟ ಹಾಕಿ ಆಮೇಲೆ ಬಣ್ಣದ ತಟ್ಟೆ ಮಾರುವುದಿಲ್ಲ.)

ಆದರೆ ಈ ರೇಟಿನ ಮಾತು ಪೂರ್ತಿ ನಿಲ್ಲುವುದಿಲ್ಲ. ಅದೇ 2024ರ ಫೆಬ್ರವರಿಯಲ್ಲಿ, ಅದೇ ಸೋನಿಯಿಂದ, ಅದೇ 40 ಡಾಲರ್‌ಗೆ ಹೆಲ್‌ಡೈವರ್ಸ್ 2 ಎಂಬ ಆಟ ಬಂತು. 12 ವಾರದಲ್ಲಿ ಒಂದು ಕೋಟಿ 20 ಲಕ್ಷ ಪ್ರತಿ ಹೋಯಿತು. ಇನ್ನೊಂದು ನೋಡಿ. ಕಾಂಕಾರ್ಡನ್ನು ಜುಲೈನಲ್ಲಿ ಎಲ್ಲರಿಗೂ ಪುಕ್ಕಟೆ ಆಡಲು ಬಿಟ್ಟಿದ್ದರು, ಬೀಟಾ ಅಂತ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆ. ಆಗಲೂ ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ ಆಡಿದವರು ಹೆಚ್ಚೆಂದರೆ 2,388. ಬಿಡುಗಡೆಯಾದ ಮೇಲೆ 697. ಪುಕ್ಕಟೆ ಕೊಟ್ಟಾಗಲೇ ಬಾರದವರು ಕಾಸಿಗೆ ಬರುತ್ತಾರಾ?

ಒಂದು ಮ್ಯಾಚ್‌ಗೆ ಹತ್ತು ಜನ ಬೇಕು. ಆ 697ನ್ನು ಹತ್ತರಿಂದ ಭಾಗಿಸಿ. 69 ಮ್ಯಾಚ್. ಅದೂ ಇಡೀ ಪ್ರಪಂಚದಲ್ಲಿ, ಆರು ಬಗೆಯ ಆಟದಲ್ಲಿ ಹಂಚಿಕೊಂಡು. ಪಿಎಸ್5ನವರೂ ಇದೇ ಸಾಲಿಗೆ ಸೇರುತ್ತಿದ್ದರು ಅನ್ನಿ. ಆದರೂ ಇದು ಕಬಡ್ಡಿ ಅಂಕಣ ಹಾಕಿ, ಲೈಟ್ ಕಟ್ಟಿ, ಮೈಕ್ ಇಟ್ಟು, ಎದುರು ಟೀಮ್ ಬರುತ್ತಾ ಎಂದು ರಸ್ತೆ ನೋಡುವ ಪರಿಸ್ಥಿತಿ. ಆಟ ಎಷ್ಟೇ ಚೆನ್ನಾಗಿರಲಿ, ಎದುರಿಗೆ ಆಳಿಲ್ಲದಿದ್ದರೆ ಏನು ಮಾಡೋದು? ನನ್ನ ಅಂಗಡಿಯಲ್ಲಿ ಇದನ್ನು ದಿನಾ ನೋಡುತ್ತೇನೆ. ಹುಡುಗ ಒಳಗೆ ಬಂದವನು ಆಟದ ಪಟ್ಟಿ ನೋಡುವುದಿಲ್ಲ. "ನಮ್ ಹುಡುಗ್ರು ಬಂದಿದಾರಾ?" ಎಂದು ಕೇಳುತ್ತಾನೆ. ಅವರು ಏನು ಆಡುತ್ತಾರೋ ಅದೇ ಅವನ ಆಟ. ನಾಲ್ಕು ವರ್ಷದಿಂದ ವಾಲರಂಟ್‌ನಲ್ಲಿ ದೋಸ್ತಿ, ಜಗಳ, ರ‍್ಯಾಂಕು ಎಲ್ಲ ಮಾಡಿಕೊಂಡವನು, ಹೆಸರೂ ಗೊತ್ತಿಲ್ಲದ 16 ಜನರಿಗಾಗಿ ಅದನ್ನು ಬಿಟ್ಟು ಯಾಕೆ ಬರುತ್ತಾನೆ?

ಇದನ್ನು ಮಾಡಿದ ಫೈರ್‌ವಾಕ್ ಸ್ಟುಡಿಯೋಸ್ ಶುರುವಾದದ್ದು 2018ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂನಲ್ಲಿ. ಆಗ ಓವರ್‌ವಾಚ್‌ಗೆ ಜನ ದುಡ್ಡು ಕೊಟ್ಟೇ ಆಡುತ್ತಿದ್ದರು. ಆವತ್ತಿನ ಫ್ಯಾಷನ್ ನೋಡಿ ಪ್ಯಾಂಟ್ ಹೊಲಿಯಲು ಕೊಟ್ಟರು. ಟೈಲರ್ ಕೆಲಸ ಚೊಕ್ಕ. ಆದರೆ ಹೊಲಿದು ಕೈಗೆ ಬರುವಷ್ಟರಲ್ಲಿ ಆರು ವರ್ಷ ಆಗಿತ್ತು. 2023ರ ಏಪ್ರಿಲ್‌ನಲ್ಲಿ ಸೋನಿ ಸ್ಟುಡಿಯೋವನ್ನೇ ಕೊಂಡುಕೊಂಡಿತು. 2024ರ ಅಕ್ಟೋಬರ್ 29ಕ್ಕೆ ಮುಚ್ಚುತ್ತೇವೆ ಎಂದು ಹೇಳಿತು. ಜೊತೆಗೆ ನಿಯಾನ್ ಕೋಯ್ ಎಂಬ ಮೊಬೈಲ್ ಆಟದ ಸ್ಟುಡಿಯೋವನ್ನೂ. ನಮಗೆ ನರಕ ಚತುರ್ದಶಿಗೆ ಎರಡು ದಿನ ಇತ್ತು. ಅಂಗಡಿಗೆ ಸೀರಿಯಲ್ ಸೆಟ್ ಕಟ್ಟುತ್ತಿದ್ದೆ. ಅಕ್ಕನ ಮಗ ಫೋನ್ ತೋರಿಸಿ, "ಮಾಮ, ಕ್ಲೋಸ್ ಮಾಡ್ಬಿಟ್ರು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆ ಒನ್-ಆಫ್ ಮಾಡಿದೋನು ಈಗ ಏನ್ ಮಾಡ್ತಾನೆ?" ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಏಣಿ ಹಿಡಿದುಕೋ ಎಂದೆ.

ನಾನೂ ಒಂದು ಅಂಗಡಿ ಮುಚ್ಚಿದವನು. ಬಿ.ಎಚ್. ರಸ್ತೆಯಲ್ಲಿ ಸೈಬರ್ ಸೆಂಟರ್ ಇತ್ತು, ಹತ್ತು ಸಿಸ್ಟಮ್. ಎಲ್ಲರ ಕೈಗೂ ಮೊಬೈಲ್ ಬಂತು, ಬ್ರೌಸಿಂಗ್‌ಗೆ ಬರುವವರು ನಿಂತರು. ಕೊನೆಯ ತಿಂಗಳು ಬಂದವರೆಲ್ಲ ಜೆರಾಕ್ಸ್ ಕೇಳಿಕೊಂಡು ಬಂದವರೇ. ಆಗ ನಾನು ಮಾಡಿದ ತಪ್ಪು ಏನು ಎಂದು ಇವತ್ತಿಗೂ ಗೊತ್ತಿಲ್ಲ. ಕೆಲಸ ನೀಟಾಗೇ ಮಾಡುತ್ತಿದ್ದೆ. ಆ ಬೋರ್ಡು ಈಗ ಗುಬ್ಬಿ ಹತ್ತಿರ ನಮ್ಮೂರಲ್ಲಿ ಕೋಳಿ ಗೂಡಿನ ಮೇಲಿದೆ. 'ಬ್ರೌಸಿಂಗ್, ಪ್ರಿಂಟ್‌ಔಟ್, ಲ್ಯಾಮಿನೇಷನ್' ಅಂತ ಈಗಲೂ ಓದಬಹುದು. ಅದಕ್ಕೇ ಈ ಆಟವನ್ನು ಗೇಲಿ ಮಾಡುವ ವಿಡಿಯೋಗಳು ನನಗೆ ಅಷ್ಟು ರುಚಿಸಲಿಲ್ಲ.

ಒಂದು ಮಾತು ಮೆಚ್ಚಬೇಕು. ಕೊಂಡವರಿಗೆಲ್ಲ ಪೂರ್ತಿ ದುಡ್ಡು ವಾಪಸ್ ಕೊಟ್ಟರು. ನನಗೂ ಬಂತು. ಆನ್‌ಲೈನ್ ಆಟ ನಿಂತಾಗೆಲ್ಲ ಇಷ್ಟು ಬೇಗ ಇತ್ಯರ್ಥ ಆಗುವುದಿಲ್ಲ, ಕೊಂಡವನು ಬಾಯಿ ಮುಚ್ಚಿಕೊಂಡಿರುವುದೇ ಜಾಸ್ತಿ. ಇದಕ್ಕಿಂತ ಗಡಿಬಿಡಿಯ ಕೇಸೂ ಇದೆ. ದಿ ಡೇ ಬಿಫೋರ್ ಎಂಬ ಆಟ 2023ರ ಡಿಸೆಂಬರ್ 7ಕ್ಕೆ ಬಂತು, 11ಕ್ಕೆ ಅದರ ಸ್ಟುಡಿಯೋನೇ ಬಾಗಿಲು ಹಾಕುತ್ತೇವೆ ಎಂದಿತು. ನಾಲ್ಕು ದಿನ!

ನಕ್ಷತ್ರ ಕೊಡಲೇಬೇಕು ಅಂದರೆ, ಆಟಕ್ಕೆ ಐದಕ್ಕೆ ಮೂರು. ಕಸದ ರೋಬೋಗೆ ನಾಲ್ಕೂವರೆ. ರೀಫಂಡ್‌ಗೆ ಐದಕ್ಕೆ ಐದು. ಬಂದ ದುಡ್ಡಿನಲ್ಲಿ ಎರಡು ಕಂಟ್ರೋಲರ್‌ಗೆ ಸ್ಟಿಕ್ ಬದಲಾಯಿಸಿದೆ. ತಾವಾಗಿಯೇ ಎಡಕ್ಕೆ ಎಳೆಯುತ್ತಿದ್ದವು, ಗೋಲು ಹೋದಾಗೆಲ್ಲ ಹುಡುಗರಿಗೆ ಅದೇ ನೆಪ.

ಕಾಂಕಾರ್ಡ್ ಕೇಳಿಕೊಂಡು ಬಂದ ಆ ಹುಡುಗ ಅವತ್ತು ಹೋಗಲಿಲ್ಲ, ಬಾಗಿಲಲ್ಲೇ ನಿಂತಿದ್ದ. ಮೂಲೆಯಲ್ಲಿ ಮೂವರು ಕೌಂಟರ್ ಸ್ಟ್ರೈಕ್ 1.6 ಎಂಬ ಹಳೆಯ ಗುಂಡು ಹಾರಿಸುವ ಆಟ ಆಡುತ್ತಿದ್ದರು. ಆ ನಾಲ್ಕು ಕಂಪ್ಯೂಟರ್ ನನ್ನ ಸೈಬರ್ ಕಾಲದವು. ಒಂದಕ್ಕೊಂದು ಲ್ಯಾನ್ ವೈರ್ ಅಷ್ಟೇ, ಇಂಟರ್ನೆಟ್ ಹೋದರೂ ಆಟ ನಡೆಯುತ್ತದೆ. ಕರೆಂಟ್ ಒಂದು ಇರಬೇಕು. "ಒಬ್ರು ಕಮ್ಮಿ ಇದಾರೆ, ಕೂತ್ಕೊಳ್ಳೋ" ಎಂದ ಒಬ್ಬ. ಹುಡುಗ ನನ್ನ ಮುಖ ನೋಡಿದ. ಗಂಟೆಗೆ 30 ಎಂದೆ. ಕೂತ.