ಮೂರು ಮಳೆಗಾಲ ದಾಟಿದ ನಿಂಟೆಂಡೊ ಸ್ವಿಚ್: ಮಲೆನಾಡಿನ ಮನೆಯಲ್ಲಿ ಅದಕ್ಕೆ ನೆಟ್ ಹಿಡಿಸಿದ ಕಥೆ

2022ರ ದೀಪಾವಳಿಗೆ ದುಬೈನಿಂದ ಬಂದ ಭಾವ ಒಂದು ನಿಂಟೆಂಡೊ ಸ್ವಿಚ್ ತಂದುಕೊಟ್ಟರು. ಕೈಯಲ್ಲಿ ಹಿಡಿದೂ ಟಿವಿಗೆ ಸೇರಿಸಿಯೂ ಆಡುವ ಗೇಮ್ ಯಂತ್ರ. ಒಎಲ್‌ಇಡಿ ಮಾಡೆಲ್. "ಮಕ್ಕಳು ಆಡಲಿ" ಅಂದರು. ಆಡುತ್ತಿರುವುದು ಜಾಸ್ತಿ ನಾನೇ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮೇಲ್ಗಡೆ ಇದೆ. ಸ್ವಿಚ್ ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದೇ ಇಲ್ಲ. ಹಾಗಾಗಿ ಏನಾದರೂ ಕೆಟ್ಟರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸರ್ವಿಸ್ ಸೆಂಟರ್ ಹುಡುಕಿಕೊಂಡು ಹೋಗುವ ಮಾತಿಲ್ಲ. ನಾವೇ ಡಾಕ್ಟರು, ನಾವೇ ಕಾಂಪೌಂಡರು.

ಯಂತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 7 ಇಂಚಿನ ಪರದೆ ಇವತ್ತಿಗೂ ಹೊಸದರ ಹಾಗಿದೆ. 64 ಜಿಬಿ ಜಾಗ ಸಾಲದು, ಮೊದಲ ತಿಂಗಳೇ ಮೆಮೊರಿ ಕಾರ್ಡ್ ಹಾಕಿದೆ. ಮಳೆಗಾಲದಲ್ಲಿ ಅದರ ಚೀಲಕ್ಕೆ ಬೂಷ್ಟು ಬಂತು, ಯಂತ್ರಕ್ಕೆ ಬರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಶೂ ಡಬ್ಬಿಯಲ್ಲಿ ಸಿಗುತ್ತದಲ್ಲ, ಆ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇನೆ. ಅಷ್ಟೇ.

ತಲೆಬಿಸಿ ಮಾಡಿದ್ದು ಇಂಟರ್ನೆಟ್. ಒಂದೇ ರೋಗ ಅಂದುಕೊಂಡು ಒಂದು ವರ್ಷ ಔಷಧ ಮಾಡಿದೆ. ನೋಡಿದರೆ ಮೂರು ರೋಗ ಇದ್ದವು. ಮೂರೂ ಸ್ವಿಚ್‌ನ ಹೊರಗೇ ಇದ್ದವು.

ಮೊದಲನೆಯದು ನಮ್ಮ ಗೋಡೆ. ರೂಟರ್ ಇರುವುದು ನಡುಮನೆಯಲ್ಲಿ, ನಾನು ಆಡುವುದು ಜಗುಲಿಯಲ್ಲಿ. ಮಧ್ಯೆ ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆ ಗೋಡೆ, ಅದರಾಚೆ ಮತ್ತೊಂದು. ಜಗುಲಿಯಲ್ಲಿ ಕೂತು ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ ಇಂಟರ್ನೆಟ್ ಒಳಗಿನ ಕನೆಕ್ಷನ್ ಟೆಸ್ಟ್ ಒತ್ತಿದರೆ ಡೌನ್‌ಲೋಡ್ 1.8 ಎಂಬಿಪಿಎಸ್. ಅದೇ ರೂಟರ್ ಪಕ್ಕ ಮೊಣಕಾಲೂರಿ ಕೂತರೆ 60. ವೈ-ಫೈಗೆ 2.4 ಗಿಗಾಹರ್ಟ್ಸ್, 5 ಗಿಗಾಹರ್ಟ್ಸ್ ಅಂತ ಎರಡು ದಾರಿ. ರೂಟರ್ ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡು, ಯಾರಿಗೆ ಯಾವುದು ಅಂತ ತಾನೇ ಹಂಚುತ್ತಿತ್ತು. ಸ್ವಿಚ್‌ಗೆ 5 ಸಿಕ್ಕುತ್ತಿತ್ತು. 5ಕ್ಕೆ ವೇಗ ಜಾಸ್ತಿ ನಿಜ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೂಟರ್ ಸೆಟ್ಟಿಂಗ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟೆ. ಸ್ವಿಚ್‌ನಲ್ಲಿ 5ರ ಹೆಸರನ್ನು ಅಳಿಸಿ 2.4ರದ್ದು ಮಾತ್ರ ಉಳಿಸಿದೆ. ಜಗುಲಿಯಲ್ಲಿ 22 ಬಂತು. ಆಡಲು ಅಷ್ಟು ಧಾರಾಳ.

ಇದನ್ನೇ ದೊಡ್ಡ ಪಾಠ ಅಂದುಕೊಂಡು ಶಿವಮೊಗ್ಗದ ವಿನೋಬನಗರದ ಅಕ್ಕನ ಮನೆಯಲ್ಲೂ ಮಾಡಲು ಹೋಗಿ ಬೆಪ್ಪಾದೆ. ಅಲ್ಲಿ 2.4ರಲ್ಲಿ ಆಟ ಮೊದಲಿಗಿಂತ ಕೆಟ್ಟು ಕೂತಿತು. ಕಾರಣ ಸರಳ. ನಮ್ಮ ಮನೆಯಿಂದ ಮುಂದಿನ ಮನೆಗೆ ಅರ್ಧ ಕಿಲೋಮೀಟರ್, 2.4 ಪೂರ್ತಿ ನಮ್ಮದೇ. ಅಕ್ಕನ ಮನೆಯಲ್ಲಿ ಫೋನ್ ತೆಗೆದರೆ ಇಪ್ಪತ್ತು ಮನೆಯ ವೈ-ಫೈ ಕಾಣುತ್ತದೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದೇ ಮೂರು: 1, 6, 11. ಅಷ್ಟು ಜನ ಆ ಮೂರರಲ್ಲಿ ನುಗ್ಗಿದರೆ ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ. ಅಲ್ಲಿಗೆ 5 ಸರಿ, ತೆಳು ಗೋಡೆ ಬೇರೆ.

ಎರಡನೆಯ ರೋಗ ಹಿಡಿಯಲು ಎಂಟು ತಿಂಗಳು ಬೇಕಾಯಿತು. ಡೌನ್‌ಲೋಡ್ ಚೆನ್ನಾಗಿದೆ, ಸ್ವಿಚ್‌ನೊಳಗಿನ ಆಟದ ಅಂಗಡಿ ತೆರೆಯುತ್ತದೆ. ಆದರೆ ಕೊಪ್ಪದಲ್ಲಿರುವ ಗೆಳೆಯನ ಜೊತೆ ಮಾರಿಯೋ ಕಾರ್ಟ್ ಅನ್ನುವ ರೇಸ್ ಆಟ ಆಡಲು ಕೂತರೆ 2618-0516 ಅಂತ ಎರರ್ ನಂಬರ್ ತೋರಿಸಿ ಹೊರಗೆ ಹಾಕುತ್ತದೆ. ಕನೆಕ್ಷನ್ ಟೆಸ್ಟ್‌ನ ಕೆಳಗೆ ನ್ಯಾಟ್ ಟೈಪ್ ಅಂತ ಒಂದು ಸಾಲು ಇರುತ್ತದೆ, ನಾನು ಅದನ್ನು ಓದೇ ಇರಲಿಲ್ಲ. ನ್ಯಾಟ್ ಅಂದರೆ ಹಲವು ಯಂತ್ರಗಳು ಹೊರಗೆ ಒಂದೇ ವಿಳಾಸ ಹಂಚಿಕೊಳ್ಳುವ ಏರ್ಪಾಡು; ಹೊರಗಿನವರು ನಮ್ಮ ಯಂತ್ರವನ್ನು ಎಷ್ಟು ಸುಲಭವಾಗಿ ಮುಟ್ಟಬಹುದು ಅನ್ನುವುದನ್ನು ಆ ಅಕ್ಷರ ಹೇಳುತ್ತದೆ. ಎ, ಬಿ ಇದ್ದರೆ ಚೆನ್ನ. ಸಿ ಇದ್ದರೆ ಅನುಮಾನ. ನಮ್ಮದು ಡಿ.

ಈ ಆಟದಲ್ಲಿ ಇಬ್ಬರ ಯಂತ್ರಗಳೂ ನೇರವಾಗಿ ಒಂದಕ್ಕೊಂದು ಮಾತಾಡಬೇಕು. ಯೂಟ್ಯೂಬ್ ನೋಡುವಾಗ ನಾವು ಕೇಳುತ್ತೇವೆ, ಅವರು ಕಳಿಸುತ್ತಾರೆ. ಇಲ್ಲಿ ಹೊರಗಿನವರೂ ನಮ್ಮ ಬಾಗಿಲು ತಟ್ಟಬೇಕು. ರೂಟರ್‌ನಲ್ಲಿ ಪೋರ್ಟ್, ಅಂದರೆ ಹೊರಗಿನವರು ಬರುವ ಬಾಗಿಲು, ತೆರೆದೆ. ಹೊರಗಿಂದ ಬರುವುದನ್ನೆಲ್ಲ ಒಂದೇ ಯಂತ್ರಕ್ಕೆ ಬಿಡುವ ಡಿಎಂಜೆಡ್ ಹಾಕಿದೆ. ಸ್ವಿಚ್‌ನಲ್ಲಿ ಎಂಟಿಯು, ಅಂದರೆ ಒಂದು ಸಲಕ್ಕೆ ಕಳಿಸುವ ಡೇಟಾ ಕಟ್ಟಿನ ಗಾತ್ರ, 1400 ಇದ್ದದ್ದನ್ನು ಯಾರೋ ಹೇಳಿದರು ಅಂತ 1500 ಮಾಡಿದೆ. ನಮ್ಮದು ಯೂಸರ್‌ನೇಮ್, ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಲೈನ್, ಅದರಲ್ಲಿ 1492ಕ್ಕಿಂತ ಮೇಲೆ ಹೋಗುವುದೇ ಇಲ್ಲ! ಸುಮ್ನೆ ವಾಪಸ್ 1400ಕ್ಕೆ ಇಳಿಸಿದೆ. ಡಿಎನ್‌ಎಸ್ 8.8.8.8 ಹಾಕಿದ್ದೂ ಆಯಿತು. ಡಿಎನ್‌ಎಸ್ ಅಂದರೆ ಹೆಸರು ಕೇಳಿ ವಿಳಾಸ ಹೇಳುವವನು, ಬಾಗಿಲು ತೆಗೆಯುವವನಲ್ಲ. ಅದು ಬದಲಾದರೆ ನ್ಯಾಟ್ ಯಾಕೆ ಬದಲಾಗುತ್ತದೆ?

ಕೊನೆಗೆ ಒಂದು ರಾತ್ರಿ ರೂಟರ್‌ನ ಸ್ಟೇಟಸ್ ಪುಟದಲ್ಲಿ ಡಬ್ಲ್ಯೂಎಎನ್ ಐಪಿ, ಅಂದರೆ ಕಂಪನಿ ನಮ್ಮ ರೂಟರ್‌ಗೆ ಕೊಟ್ಟ ಇಂಟರ್ನೆಟ್ ವಿಳಾಸ, ನೋಡಿದೆ. 100.72ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ನಂಬರ್‌ಗಳು ಹೊರ ಜಗತ್ತಿನವಲ್ಲ, ಕಂಪನಿಗಳು ತಮ್ಮ ಒಳಗೆ ಹಂಚಿಕೊಳ್ಳುವಂಥವು. ಇದಕ್ಕೆ ಸಿಜಿ-ನ್ಯಾಟ್ ಅನ್ನುತ್ತಾರೆ. ನಮ್ಮ ಕಡೆ ಒಳಗಿನ ಮನೆಗಳ ಕಾಗದವನ್ನೆಲ್ಲ ರಸ್ತೆ ಬದಿ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರಲ್ವಾ, ಹಾಗೆ ನೂರಾರು ಮನೆಗೆ ಒಂದೇ ವಿಳಾಸ. ಅಂಗಡಿಯವನಿಗೆ ಯಾವ ಕಾಗದ ಯಾರದ್ದು ಅಂತ ಗೊತ್ತಿಲ್ಲದಿದ್ದರೆ ನಾನು ನನ್ನ ಮನೆ ಬಾಗಿಲು ಎಷ್ಟು ತೆರೆದಿಟ್ಟು ಏನು ಬಂತು? ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡಿದರೂ ಅದೇ ಹಾಡು.

ಲೈನ್ ಹುಡುಗನಿಗೆ ಫೋನ್ ಮಾಡಿದೆ.

"ಯೂಟ್ಯೂಬ್ ಬರ್ತಾ ಇದೆಯಲ್ಲ ಅಣ್ಣ, ಮತ್ತೆಂಥ ತೊಂದ್ರೆ?"

"ಬರ್ತಾ ಇದೆ ಮಾರಾಯ. ನನಗೆ ಸ್ಟ್ಯಾಟಿಕ್ ಐಪಿ ಬೇಕು, ನನ್ನದೇ ಕಾಯಂ ವಿಳಾಸ."

"ಸಿಸಿ ಕ್ಯಾಮೆರಾ ಹಾಕ್ಸಿದ್ರಾ?"

ಹೌದು ಅಂದೆ. ಗೇಮ್ ಆಡಲು ಅಂತ ಹೇಳುವ ವಯಸ್ಸಲ್ಲ ನನ್ನದು. ತಿಂಗಳ ಬಿಲ್ ಸ್ವಲ್ಪ ಏರಿತು, ಎರಡು ದಿನದಲ್ಲಿ ಹೊಸ ನಂಬರ್ ಬಂತು. ರೂಟರ್‌ನಲ್ಲಿ ತೆರೆದಿದ್ದ ಪೋರ್ಟ್, ಡಿಎಂಜೆಡ್ ಎಲ್ಲ ಮುಚ್ಚಿ ಬೇಕಾದಾಗ ಬೇಕಾದ ಬಾಗಿಲನ್ನು ತಾನೇ ತೆರೆಯುವ ಯುಪಿಎನ್‌ಪಿ ಒಂದನ್ನು ಮಾತ್ರ ಆನ್ ಮಾಡಿದೆ. ಟೆಸ್ಟ್ ಒತ್ತಿದರೆ ನ್ಯಾಟ್ ಟೈಪ್ ಬಿ. ಅವತ್ತು ರಾತ್ರಿ ಗೆಳೆಯ ಐದೂ ರೇಸ್ ಗೆದ್ದ. ಆಟಕ್ಕೆ ನಂಬರ್ ಬಂತು, ನನಗೆ ಬರಲಿಲ್ಲ.

ಮೂರನೆಯದು ಕರೆಂಟಿನದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಕರೆಂಟ್ ಹೋಗಲು ಬೇಕಾದಷ್ಟಿದೆ. ಕರೆಂಟ್ ಹೋಗಿ ಬಂದ ಮೇಲೆ ಫೋನ್‌ಗಳಿಗೆಲ್ಲ ನೆಟ್ ಇರುತ್ತಿತ್ತು, ಸ್ವಿಚ್‌ಗೆ ಮಾತ್ರ ಒಮ್ಮೊಮ್ಮೆ ಇಲ್ಲ. ಒಂದು ದಿನ ನೋಡಿದರೆ ಅಮ್ಮನ ಫೋನ್‌ಗೂ ಸ್ವಿಚ್‌ಗೂ ಒಂದೇ ಐಪಿ, 192.168.1.7. ರೂಟರ್ ಸತ್ತು ಹುಟ್ಟಿದಾಗ ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನುವುದನ್ನು ಮರೆತು ಹೊಸದಾಗಿ ಹಂಚುತ್ತದೆ. ಸ್ಲೀಪ್‌ನಲ್ಲಿದ್ದ ಸ್ವಿಚ್ ಹಳೆ ನಂಬರನ್ನೇ ಹಿಡಿದುಕೊಂಡು ಏಳುತ್ತದೆ. ಇಂಟರ್ನೆಟ್ ಸೆಟ್ಟಿಂಗ್ ಪುಟದಲ್ಲೇ ಸ್ವಿಚ್‌ನ ಮ್ಯಾಕ್ ಅಡ್ರೆಸ್, ಅಂದರೆ ಆ ಯಂತ್ರದ ಸ್ವಂತ ಗುರುತಿನ ಸಂಖ್ಯೆ, ಇರುತ್ತದೆ. ಅದನ್ನು ರೂಟರ್‌ನಲ್ಲಿ ಬರೆದು ಒಂದು ನಂಬರ್ ಕಾಯಂ ಮಾಡಿದೆ. ಆಮೇಲೆ ಆ ಜಗಳ ಇಲ್ಲ. ರೂಟರ್‌ಗೂ ಫೈಬರ್ ಡಬ್ಬಿಗೂ ಸೇರಿ ಒಂದು 12 ವೋಲ್ಟ್ ಮಿನಿ ಯುಪಿಎಸ್ ತಂದೆ, ಈ ಮೂರು ವರ್ಷದಲ್ಲಿ ಮಾಡಿದ ಒಳ್ಳೆಯ ಖರ್ಚು ಅದೊಂದೇ.

ಇನ್ನೊಂದು ವಿಷಯ. ಮೇಲಿನ ಬಟನ್ ಒಮ್ಮೆ ಒತ್ತಿದರೆ ಸ್ವಿಚ್ ಆಫ್ ಆಗುವುದಿಲ್ಲ, ಮಲಗುತ್ತದೆ. ನಿಜವಾಗಿ ರೀಸ್ಟಾರ್ಟ್ ಮಾಡಬೇಕಾದರೆ ಮೂರು ಸೆಕೆಂಡ್ ಹಿಡಿದು ಪವರ್ ಆಯ್ಕೆಗೆ ಹೋಗಬೇಕು. ಪೂರ್ತಿ ಸ್ತಬ್ಧವಾಗಿದ್ದರೆ 12 ಸೆಕೆಂಡ್ ಹಿಡಿಯಿರಿ. "ರೀಸ್ಟಾರ್ಟ್ ಮಾಡಿದೆ, ಸರಿ ಹೋಗಿಲ್ಲ" ಅನ್ನುವವರಲ್ಲಿ ಅರ್ಧ ಜನ ಅದನ್ನು ಮಲಗಿಸಿ ಎಬ್ಬಿಸಿರುತ್ತಾರೆ. ನಾನೂ ಆ ಅರ್ಧದಲ್ಲಿದ್ದೆ.

ಒಎಲ್‌ಇಡಿ ಮಾಡೆಲ್‌ನ ಡಾಕ್, ಅಂದರೆ ಟಿವಿಗೆ ಸೇರಿಸುವ ಪೀಠದ ಹಿಂದೆ ಲ್ಯಾನ್ ಕೇಬಲ್ ಚುಚ್ಚುವ ಜಾಗ ಇದೆ. ಅಟ್ಟದ ಮೇಲಿಂದ ಕೇಬಲ್ ಎಳೆದೆ, ಟಿವಿಯಲ್ಲಿ ಆಡುವಾಗ ಸ್ವರ್ಗ. ಎರಡೇ ತಿಂಗಳಲ್ಲಿ ಇಲಿ ಕಡಿಯಿತು. ಈಗ ಪೈಪ್ ಒಳಗೆ ಎಳೆದಿದ್ದೇನೆ. ಕೈಯಲ್ಲೇ ಹಿಡಿದು ಆಡುವ ಲೈಟ್ ಮಾಡೆಲ್ ಕೊಳ್ಳುವವರು ನೆನಪಿಡಿ, ಅದನ್ನು ಡಾಕ್‌ನಲ್ಲಿ ಕೂರಿಸಲು ಬರುವುದಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಅಂಕ. ನಮ್ಮಂಥ ಊರಿನವರು ಆಟಗಳನ್ನು ಆದಷ್ಟು ಕಾರ್ಟ್ರಿಜ್‌ನಲ್ಲೇ ತರಿಸಿಕೊಳ್ಳಿ. ಡೌನ್‌ಲೋಡ್ ಇದ್ದರೆ ರಾತ್ರಿ ಚಾರ್ಜ್‌ಗೆ ಹಾಕಿ ಸ್ಲೀಪ್‌ನಲ್ಲಿ ಬಿಡಿ. ಆನ್‌ಲೈನ್ ಆಟ ಆಡುತ್ತಾ ಕೂತರೆ ಡೌನ್‌ಲೋಡ್ ನಿಂತಿರುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಅನ್ನುವ, ಸಿಗ್ನಲ್ ಬರುತ್ತಿಲ್ಲ ಅಂತ ಹೇಳುವ ಕೆಂಪು ದೀಪ ಮಿನುಗುತ್ತಿದೆ. ಎಲ್ಲೋ ಲೈನ್ ಮೇಲೆ ಮರ ಬಿದ್ದಿದೆ, ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಲೈನ್ ಹುಡುಗ ನಾಳೆ ಬರುತ್ತೇನೆ ಅಂದಿದ್ದಾನೆ, ನಿನ್ನೆಯೂ ಅದನ್ನೇ ಅಂದಿದ್ದ. ಅಕ್ಕನ ಮಗ ತನ್ನ ಸ್ವಿಚ್ ತಂದಿದ್ದಾನೆ. ಎರಡು ಯಂತ್ರ ಹತ್ತಿರ ಇದ್ದರೆ ಲೋಕಲ್ ವೈರ್‌ಲೆಸ್‌ನಲ್ಲಿ ನೆಟ್ಟೂ ಬೇಡ, ರೂಟರೂ ಬೇಡ. ಜಗುಲಿಯಲ್ಲಿ ಕೂತು ಕರೆಯುತ್ತಿದ್ದಾನೆ, ಹೋಗುತ್ತೇನೆ.