ಜಂತೆ ಎಷ್ಟು ದೂರ ಚಾಚಬಹುದು: ಅಮೆರಿಕನ್ ವುಡ್ ಕೌನ್ಸಿಲ್‌ನ ಸ್ಪ್ಯಾನ್ ಕ್ಯಾಲ್ಕುಲೇಟರ್ ಬಳಸಿ ನೋಡಿದ ಮೇಲೆ

ನಾರ್ತ್ ಕ್ಯಾರೊಲಿನಾದ ನಮ್ಮ ಮನೆಯ ಊಟದ ಕೋಣೆಗೆ ಟೈಲ್ ಹಾಸಲು ಹೊರಟಾಗ, ಗುತ್ತಿಗೆದಾರರೊಬ್ಬರು ಮರದ ನೆಲವನ್ನು ಕಾಲಿನಿಂದ ಎರಡು ಸಲ ತಟ್ಟಿ ‘ಏನೂ ಆಗುವುದಿಲ್ಲ’ ಎಂದುಬಿಟ್ಟರು. ಆ ಭರವಸೆ ಸಾಲದೆ, ಮರದ ಉದ್ಯಮದ ಸಂಘವಾದ ಅಮೆರಿಕನ್ ವುಡ್ ಕೌನ್ಸಿಲ್ ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸಿರುವ, ನೆಲ ಹೊರುವ ಜಂತೆ ಎರಡು ಆಧಾರಗಳ ನಡುವೆ ಎಷ್ಟು ದೂರ ಚಾಚಬಹುದೆಂದು ಹೇಳುವ ಸ್ಪ್ಯಾನ್ ಕ್ಯಾಲ್ಕುಲೇಟರ್‌ನ ಮೊರೆಹೊಕ್ಕೆ.

ಅದು ಕೇಳುವ ಪ್ರಶ್ನೆಗಳೇ ಅದರ ದೊಡ್ಡ ಗುಣ. ಮರದ ಜಾತಿ, ದರ್ಜೆ, ಅಳತೆ, ಜಂತೆಗಳ ನಡುವಿನ ಅಂತರ, ಬಳುಕಿನ ಮಿತಿ (ಹೊರೆಗೆ ಜಂತೆ ಎಷ್ಟು ಬಾಗಬಹುದು ಎಂಬುದು), ಚರ ಹೊರೆ (ಜನ, ಪೀಠೋಪಕರಣಗಳ ಭಾರ) ಹಾಗೂ ಸ್ಥಿರ ಹೊರೆ (ನೆಲದ ಸ್ವಂತ ತೂಕ), ಇವಿಷ್ಟನ್ನೂ ತುಂಬದೆ ಉತ್ತರ ಸಿಗದು. ದರ್ಜೆ ತಿಳಿಯಲು ನಾನು ಟಾರ್ಚ್ ಹಿಡಿದು ನೆಲದಡಿ ತೆವಳಿ, ಜಂತೆಯ ಮೇಲಿನ ಮುದ್ರೆಯನ್ನು ಓದಬೇಕಾಯಿತು: ಸದರ್ನ್ ಪೈನ್, ಎರಡನೆಯ ದರ್ಜೆ, 2×10 ಅಳತೆ (ಹೆಸರಿಗಷ್ಟೇ, ನಿಜದಲ್ಲಿ ಒಂದೂವರೆ ಇಂಚು ದಪ್ಪ, 9.25 ಇಂಚು ಎತ್ತರ), ನಡುವಿನ ಅಂತರ 16 ಇಂಚು.

ವಾಸದ ಕೋಣೆಗೆ ರೂಢಿಯಲ್ಲಿರುವ ಚದರಡಿಗೆ 40 ಪೌಂಡ್ ಚರ ಹೊರೆ ಮತ್ತು 10 ಪೌಂಡ್ ಸ್ಥಿರ ಹೊರೆಗೆ ಬಂದ ಉತ್ತರ 14 ಅಡಿ. ನಮ್ಮ ಜಂತೆಗಳ ಚಾಚು 13 ಅಡಿ 6 ಇಂಚು, ಸಮಾಧಾನವಾಯಿತು. ಆದರೆ ಟೈಲ್ ಹಾಗೂ ಅದರಡಿಯ ದಪ್ಪ ಗಾರೆಯ ತೂಕವನ್ನು ಸೇರಿಸಿ ಸ್ಥಿರ ಹೊರೆಯನ್ನು 20 ಪೌಂಡಿಗೆ ಏರಿಸಿದೊಡನೆ ಅದು ಸರಿಸುಮಾರು 12 ಅಡಿ 10 ಇಂಚಿಗೆ ಕುಸಿಯಿತು. ಕಾಲಿನಿಂದ ತಟ್ಟಿದರೆ ಗೊತ್ತಾಗುವ ವ್ಯತ್ಯಾಸ ಇದಲ್ಲ. 2013ರಲ್ಲಿ ಸದರ್ನ್ ಪೈನ್‌ನ ವಿನ್ಯಾಸ ಮೌಲ್ಯಗಳನ್ನು (ಲೆಕ್ಕಕ್ಕೆ ಹಿಡಿಯುವ ಬಲದ ಅಂಕಿಗಳನ್ನು) ತಗ್ಗಿಸುವ ಮುನ್ನ ಇದೇ ಜಂತೆಗೆ, 10 ಪೌಂಡ್ ಸ್ಥಿರ ಹೊರೆಯಲ್ಲಿ, ಕೋಷ್ಟಕಗಳು 16 ಅಡಿ 1 ಇಂಚು ಕೊಡುತ್ತಿದ್ದವು. ಹಳೆಯ ಮುದ್ರಿತ ಪಟ್ಟಿ ಇಟ್ಟುಕೊಂಡವರು ಅದನ್ನು ಎಸೆಯುವುದು ಒಳ್ಳೆಯದು.

ಮಿತಿಯನ್ನು ನಿರ್ಧರಿಸಿದ್ದು ಮರದ ಬಲವೋ ಬಳುಕೋ ಎಂಬುದನ್ನು ತಿಳಿಯಲು ನಾನೊಂದು ಉಪಾಯ ಮಾಡಿದೆ. ಬಳುಕಿನ ಮಿತಿಯನ್ನು ಚಾಚಿನ 360ನೆಯ ಒಂದು ಭಾಗದಿಂದ 480ನೆಯ ಒಂದು ಭಾಗಕ್ಕೆ ಬಿಗಿಗೊಳಿಸಿದರೂ ಆ 14 ಅಡಿ ಕದಲಲಿಲ್ಲ; ಎಂದರೆ ಇಲ್ಲಿ ಕಟ್ಟಿಹಾಕುವುದು ಬಲ. ಅದೇ ಅಳತೆಯ ಡಗ್ಲಸ್ ಫರ್ ಜಂತೆಯಾದರೆ 15 ಅಡಿ 7 ಇಂಚಿನಿಂದ 14 ಅಡಿ 10 ಇಂಚಿಗೆ ಇಳಿಯುತ್ತದೆ, ಏಕೆಂದರೆ ಅಲ್ಲಿ ಬಿಗಿಗೊಳಿಸಿದ ಮಿತಿಯಲ್ಲಿ ಬಳುಕೇ ಮುಂದೆ ಬರುತ್ತದೆ.

ಕೊರತೆಗಳೂ ಇವೆ. ಹೊರೆ ಸಮನಾಗಿ ಹರಡಿದೆ, ಜಂತೆ ಊನವಾಗಿಲ್ಲ ಎಂದೇ ಅದರ ಲೆಕ್ಕ. ಒಂದೆಡೆ ಇಟ್ಟ ಭಾರೀ ಮೀನಿನ ತೊಟ್ಟಿಯಾಗಲಿ, ಕೊಳಾಯಿಯವರು ಕೊರೆದ ತೂತಾಗಲಿ ಅದಕ್ಕೆ ಕಾಣಿಸದು. ಜಂತೆಯ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡ ತೂತು ಅಲ್ಲಿನ ವಸತಿ ಸಂಹಿತೆಗೆ ಒಪ್ಪಿತವಲ್ಲವಾದ್ದರಿಂದ ಅದನ್ನು ಕಣ್ಣಾರೆ ನೋಡಲೇಬೇಕು.

ಮಲೆನಾಡಿನ ಅಜ್ಜನ ಮನೆಯ ಅಟ್ಟಕ್ಕೂ ಇದನ್ನೇ ಬಳಸುವ ಆಸೆ ಬೇಡ. ತೇಗ, ಹೊನ್ನೆ, ಮತ್ತಿಗಳು ಅದರ ಪಟ್ಟಿಯಲ್ಲಿಲ್ಲ. ನಮ್ಮ ಮರಗಳಿಗೆ ಐಎಸ್ 883 ಎಂಬ ಭಾರತೀಯ ಮಾನಕವಿದೆ. ಹೊರೆಯ ಲೆಕ್ಕ ಮಾತ್ರ ಹೆಚ್ಚುಕಡಿಮೆ ಒಂದೇ: ಭಾರತದ ಸಂಹಿತೆ ವಾಸದ ಕೋಣೆಗೆ ಹೇಳುವ ಚದರ ಮೀಟರಿಗೆ 2 ಕಿಲೋನ್ಯೂಟನ್, ಆ 40 ಪೌಂಡಿಗಿಂತ ಕೂದಲೆಳೆಯಷ್ಟೇ ಹೆಚ್ಚು.

ಟೈಲ್‌ನ ಯೋಚನೆ ಬಿಟ್ಟು ಊಟದ ಕೋಣೆಗೆ ಹಗುರವಾದ ವಿನೈಲ್ ಹಾಸಿಸಿದೆವು.